ದೆಹಲಿ ಚಳಿಗೆ ಎಷ್ಟು ಯೂನಿಟ್?

ಕರ್ನಾಟಕದಿಂದ ದೆಹಲಿಗೆ ವರ್ಗವಾಗಿ ಬರುವವರು ಇಲ್ಲಿನ ಬೇಸಿಗೆಯ ಬಗ್ಗೆ ಹತ್ತು ಜನರನ್ನು ವಿಚಾರಿಸಿಕೊಂಡು ಬರುತ್ತಾರೆ. ಚಳಿಯ ಬಗ್ಗೆ ಕೇಳುವವರು ಕಡಿಮೆ. ನಮ್ಮೂರಲ್ಲೂ ಚಳಿ ಇರುತ್ತದಲ್ಲ, ಒಂದು ಸ್ವೆಟರ್ ಹೆಚ್ಚಿಗೆ ತಂದರಾಯಿತು ಎಂಬ ಧೈರ್ಯ. ಆ ಧೈರ್ಯ ಡಿಸೆಂಬರ್ ಮೂರನೇ ವಾರದವರೆಗೆ ಉಳಿಯುತ್ತದೆ. ಆಮೇಲೆ ಮಂಜು ಕವಿದು ಎರಡು ದಿನ ಸೂರ್ಯನ ಮುಖ ಕಾಣದೇ ಹೋದಾಗ ಮನೆಯ ನೆಲ, ಗೋಡೆ, ಹಾಸಿಗೆ, ತಟ್ಟೆ, ಚಮಚ ಎಲ್ಲವೂ ಫ್ರಿಜ್ಜಿನಿಂದ ತೆಗೆದಿಟ್ಟಂತೆ ಕೊರೆಯತೊಡಗುತ್ತವೆ.

ಇಲ್ಲಿನ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2021ರ ಜನವರಿ 1ರ ಬೆಳಿಗ್ಗೆ ದಾಖಲಾದ ತಾಪಮಾನ 1.1 ಡಿಗ್ರಿ ಸೆಲ್ಸಿಯಸ್. ಅಂಥ ದಿನಗಳು ಅಪರೂಪ. ಆದರೆ ಜನವರಿಯಲ್ಲಿ ಆರೇಳು ಡಿಗ್ರಿ ಮಾಮೂಲು. ಇಲ್ಲಿನ ಮನೆಗಳನ್ನು ಕಟ್ಟಿರುವುದು ಬೇಸಿಗೆಯನ್ನು ಕಣ್ಣೆದುರಿಗಿಟ್ಟುಕೊಂಡು: ಕಲ್ಲಿನ ನೆಲ, ಎತ್ತರದ ಚಾವಣಿ, ಒಂದೇ ಪದರದ ಗಾಜು, ಬಾಗಿಲಡಿ ಬೆರಳು ತೂರುವಷ್ಟು ಸಂದು. ಹಾಗಾಗಿ ಮಧ್ಯಾಹ್ನದ ಹೊತ್ತು ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಪಾರ್ಕಿನ ಬೆಂಚುಗಳ ಮೇಲೆ ಅರ್ಧ ದೆಹಲಿ ಕಡಲೆಕಾಯಿ ಬಿಡಿಸುತ್ತಾ ಕೂತಿರುವುದಕ್ಕೆ ಇದೇ ಕಾರಣ.

ನಾನು ಸಾಗರ ತಾಲ್ಲೂಕಿನವನು. ಲೆಕ್ಕಪತ್ರ ತಪಾಸಣೆಯ ಕೆಲಸದ ಮೇಲೆ ಬಂದು ಇಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದೇನೆ. ಗಂಡ ಹೆಂಡತಿ ಇಬ್ಬರೇ ಇದ್ದಾಗ ಚಳಿಗೆ ರಜಾಯಿ ಸಾಕಾಗುತ್ತಿತ್ತು. ಹೋದ ವರ್ಷ ಅಕ್ಟೋಬರ್‌ನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಅಪ್ಪ ಅಮ್ಮ ಊರಿಂದ ಬಂದು ಫೆಬ್ರುವರಿವರೆಗೂ ಇದ್ದರು. ಅಪ್ಪನಿಗೆ 74 ವರ್ಷ, ಚಳಿಗೆ ಕೆಮ್ಮು, ದಮ್ಮು. ಮೂರು ತಿಂಗಳ ಕೂಸು ಒಂದು ಕಡೆ, ದಮ್ಮಿನ ಅಪ್ಪ ಇನ್ನೊಂದು ಕಡೆ ಇದ್ದಾಗ ಕರೆಂಟು ಉಳಿಸುವ ಮಾತಿಗೆ ಬೇರೆಯೇ ತೂಕ ಬರುತ್ತದೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂದು ಕೂತು ಲೆಕ್ಕ ಹಾಕಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ. ಪುಣೆ, ಹೈದರಾಬಾದಿನವರಿಗೆ ಹೀಟರಿನ ಮಾತು ಬೇಡವಾದರೂ ಬಚ್ಚಲು, ಅಡುಗೆಮನೆಯ ಮಾತು ಹೊಂದುತ್ತದೆ.

ಮೀಟರ್ ಯಾರ ಹೆಸರಲ್ಲಿ?

ಊರಿನ ಗೃಹಜ್ಯೋತಿ ಎಲ್ಲರಿಗೂ ಗೊತ್ತು. ದೆಹಲಿಯಲ್ಲಿ 2019ರ ಆಗಸ್ಟ್‌ನಿಂದಲೇ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. 201ರಿಂದ 400 ಯೂನಿಟ್‌ವರೆಗೆ ಅರ್ಧ ರಿಯಾಯಿತಿ, ಅದೂ ಗರಿಷ್ಠ 800 ರೂಪಾಯಿ. 400 ದಾಟಿದರೆ ಏನೂ ಇಲ್ಲ. 2022ರ ಅಕ್ಟೋಬರ್‌ನಿಂದ, ಬೇಕು ಎಂದು ಕೇಳಿ ಪಡೆದವರಿಗೆ ಮಾತ್ರ ಇದು ಸಿಗುತ್ತದೆ. ಅಂದರೆ ಇಲ್ಲಿನ ಬಿಲ್ಲು ಏಣಿಯ ಹಾಗೆ ಮೆಲ್ಲಗೆ ಏರುವುದಿಲ್ಲ. 200 ಮತ್ತು 400ರ ಗಡಿಯಲ್ಲಿ ಒಮ್ಮೆಲೇ ಜಿಗಿಯುತ್ತದೆ. ಚಳಿಗಾಲದಲ್ಲಿ ಕೊನೆಯ ಹತ್ತು ಯೂನಿಟ್ ಉಳಿಸಿದ್ದಕ್ಕೆ ಮೊದಲ ನೂರು ಯೂನಿಟ್‌ಗಿಂತ ಹೆಚ್ಚು ಬೆಲೆ ಬರುವುದು ಇದೇ ಕಾರಣಕ್ಕೆ.

ಆದರೆ ಈ ಲೆಕ್ಕವೆಲ್ಲ ಮೀಟರ್ ನಿಮ್ಮ ಕೈಯಲ್ಲಿದ್ದರೆ ಮಾತ್ರ. ನಾವು ಮೊದಲಿದ್ದ ಬಾಡಿಗೆ ಮನೆಯಲ್ಲಿ ಸಬ್ ಮೀಟರ್ ಇತ್ತು. ಮಾಲೀಕರು ಯೂನಿಟ್‌ಗೆ 9 ರೂಪಾಯಿಯಂತೆ ವಸೂಲು ಮಾಡುತ್ತಿದ್ದರು. ಸರ್ಕಾರದ ರಿಯಾಯಿತಿ ಯಾರ ಜೇಬಿಗೆ ಹೋಗುತ್ತಿತ್ತೋ, ನಮ್ಮದಕ್ಕಂತೂ ಬರುತ್ತಿರಲಿಲ್ಲ. ಬಾಡಿಗೆದಾರರು ಕರಾರುಪತ್ರ ತೋರಿಸಿ ತಮ್ಮದೇ ಮೀಟರ್ ಹಾಕಿಸಿಕೊಳ್ಳುವ ಯೋಜನೆ ದೆಹಲಿಯಲ್ಲಿ 2019ರಲ್ಲೇ ಬಂದಿದೆ. ಈಗಿನ ಮನೆಗೆ ಬರುವಾಗ, ಪ್ರತ್ಯೇಕ ಮೀಟರ್ ಇದೆಯೇ ಎಂಬುದನ್ನು ಬಾಡಿಗೆಯ ಚೌಕಾಸಿಗಿಂತ ಮೊದಲೇ ಕೇಳಿದೆ. ಹೊಸದಾಗಿ ಬರುವವರು ಮನೆ ನೋಡುವಾಗ ನೀರು, ಪಾರ್ಕಿಂಗ್ ಜೊತೆಗೆ ಇದನ್ನೂ ಕೇಳಿಕೊಳ್ಳಿ.

ನಮ್ಮ ಮನೆಯ ಗುರಿ ಜನವರಿಯಲ್ಲಿ 400ರ ಒಳಗೆ ಇರುವುದು. ಫ್ರಿಜ್, ದೀಪ, ವಾಷಿಂಗ್ ಮಷೀನ್, ಮಿಕ್ಸಿ, ಲ್ಯಾಪ್‌ಟಾಪ್ ಸೇರಿ ಸುಮಾರು 120 ಯೂನಿಟ್ ಹೇಗೂ ಹೋಗುತ್ತದೆ. ಉಳಿದ 280 ಯೂನಿಟ್ಟಿನಲ್ಲಿ ನೀರು ಕಾಯಿಸಬೇಕು, ಅಪ್ಪನ ಕೋಣೆ ಬೆಚ್ಚಗಿರಬೇಕು, ಕೂಸಿನ ಸ್ನಾನ ಆಗಬೇಕು.

ಬಚ್ಚಲಿನ ಖರ್ಚು

ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಗೆ ಅಡಿಕೆ ಸಿಪ್ಪೆಯೋ ಕಟ್ಟಿಗೆಯೋ ಹಾಕಿ ಬೆಳಗಿನ ಜಾವ ಉರಿ ಹಚ್ಚಿದರೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಮಿಂದು ಮುಗಿಸುತ್ತಾರೆ. ಹಂಡೆಯಲ್ಲಿ ಬಿಸಿನೀರು ಉಳಿಯಲು ಬಿಟ್ಟು ಮಧ್ಯಾಹ್ನ ಮತ್ತೆ ಕಾಯಿಸುವ ಪದ್ಧತಿ ಇಲ್ಲ. ಗೀಸರಿಗೂ ಇದೇ ಶಿಸ್ತು ಬೇಕು.

ಒಂದು ಬಕೆಟ್ ಅಂದರೆ 20 ಲೀಟರ್ ಎಂದುಕೊಳ್ಳಿ. ಜನವರಿಯ ಬೆಳಿಗ್ಗೆ ತಾರಸಿಯ ಟ್ಯಾಂಕಿನ ನೀರು 12 ಡಿಗ್ರಿಯಷ್ಟಿರುತ್ತದೆ. ಅದನ್ನು ಮೈಗೆ ಹಿತವಾಗುವ 40 ಡಿಗ್ರಿಗೆ ತರಲು ಬೇಕಾಗುವುದು ಸುಮಾರು 0.65 ಯೂನಿಟ್. ಗೀಸರಾಗಲಿ, ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್ ಆಗಲಿ, ನೀರಿಗೆ ಸೇರುವ ಶಾಖದ ಲೆಕ್ಕ ಒಂದೇ. ನಾಲ್ಕು ಜನಕ್ಕೆ ದಿನಕ್ಕೆ 2.6 ಯೂನಿಟ್, ತಿಂಗಳಿಗೆ 80ರ ಒಳಗೆ. ಅದೇ ನಿಮಿಷಕ್ಕೆ ಆರು ಲೀಟರ್ ಸುರಿಯುವ ಶವರ್ ಕೆಳಗೆ ಹತ್ತು ನಿಮಿಷ ನಿಂತರೆ 60 ಲೀಟರ್, ಅಂದರೆ ಮೂರು ಬಕೆಟ್. ತಂಬಿಗೆ ಸ್ನಾನದವರು ಈ ವಿಷಯದಲ್ಲಿ ಗೆದ್ದರು.

ಗೀಸರಿನಲ್ಲಿ ನಿಜವಾದ ನಷ್ಟ ಆಗುವುದು ಉಳಿದ ಬಿಸಿನೀರಿನಲ್ಲಿ. ಕಾದ ನೀರು ಟ್ಯಾಂಕಿನಲ್ಲೇ ಕೂತು ಸಂಜೆಯೊಳಗೆ ತಣ್ಣಗಾದರೆ ಆ ಶಾಖವೆಲ್ಲ ಗೋಡೆಗೆ ಅರ್ಪಣೆ. ಸ್ವಿಚ್ ಹಾಕಿಯೇ ಬಿಟ್ಟರೆ ಅದು ಆರುತ್ತಾ, ಮತ್ತೆ ಕಾಯುತ್ತಾ ದಿನವಿಡೀ ನಿಮ್ಮ ಯೂನಿಟ್ ತಿನ್ನುತ್ತಿರುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳರಿಂದ ಎಂಟರೊಳಗೆ ಎಲ್ಲರ ಸ್ನಾನ ಸಾಲಾಗಿ ಮುಗಿಯುತ್ತದೆ. ಕೊನೆಯವರು ಬಚ್ಚಲಿಗೆ ಹೋಗುವ ಮೊದಲೇ ಸ್ವಿಚ್ ಆರಿಸುತ್ತೇವೆ, ಟ್ಯಾಂಕಿನಲ್ಲಿ ಇದ್ದದ್ದೇ ಅವರಿಗೆ ಸಾಕು. ಗೀಸರಿನ ಸ್ಟಾರ್ ಗುರುತು ತೋರಿಸುವುದೂ ಮುಖ್ಯವಾಗಿ ಈ ಆರಿಹೋಗುವ ನಷ್ಟವನ್ನೇ. ಹೊತ್ತಿಗೆ ಸರಿಯಾಗಿ ಹಾಕಿ ಆರಿಸುವ ಮನೆಗೆ ಹಳೆಯ ಗೀಸರ್ ಎಸೆದು ಹೊಸದು ಕೊಳ್ಳುವ ಅವಸರವಿಲ್ಲ. ಅದರ ಬದಲು ಚಳಿಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿಸಿ, ಒಳಗಿನ ಕಾಯಿಲ್‌ಗೆ ಕಟ್ಟಿದ ಸುಣ್ಣದಂಥ ಪದರ ತೆಗೆಸಿ. ಗಡಸು ನೀರಿನ ಬಡಾವಣೆಗಳಲ್ಲಿ ಎರಡೇ ವರ್ಷಕ್ಕೆ ಅದು ದಪ್ಪಗೆ ಕೂರುತ್ತದೆ. ಹಾಗಾದಾಗ ನೀರು ಕಾಯಲು ತಡ, ಕಾಯಿಲ್‌ಗೂ ಬಾಳಿಕೆ ಕಡಿಮೆ.

ಇನ್ನೊಂದು ಉಪಾಯ ನಮ್ಮ ಮೇಲಿನ ಮನೆಯ ಪಂಜಾಬಿ ಆಂಟಿಯದು. ಬೋರ್‌ವೆಲ್ ಇರುವ ಕಟ್ಟಡಗಳಲ್ಲಿ ಮೋಟಾರನ್ನು ರಾತ್ರಿಯ ಬದಲು ಸ್ನಾನದ ಹೊತ್ತಿಗೆ ಸ್ವಲ್ಪ ಮುಂಚೆ ಹಾಕುತ್ತಾರೆ. ನೆಲದಾಳದ ನೀರು ಚಳಿಗಾಲದಲ್ಲೂ ಉಗುರುಬೆಚ್ಚಗೆ ಬರುತ್ತದೆ. ಗೀಸರಿಗೆ 12 ಡಿಗ್ರಿಯ ಬದಲು 22 ಡಿಗ್ರಿಯ ನೀರು ಹೋದರೆ ಬಕೆಟ್ಟಿನ ಖರ್ಚು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ರಾತ್ರಿಯಿಡೀ ತಾರಸಿಯ ಮೇಲೆ ಮಂಜಿನಲ್ಲಿ ನಿಂತ ನೀರನ್ನೇ ಕಾಯಿಸುವುದಕ್ಕಿಂತ ಇದು ಎಷ್ಟೋ ವಾಸಿ.

ನೀರನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿದರೆ ಅಗ್ಗವಲ್ಲವೇ ಎಂದು ಅಮ್ಮ ಕೇಳಿದ್ದರು. ಅದನ್ನೂ ಲೆಕ್ಕ ಹಾಕಿದೆ. ಒಲೆಯ ಉರಿಯಲ್ಲಿ ಐದರಲ್ಲಿ ಮೂರು ಪಾಲು ಪಾತ್ರೆಗೆ ಸೇರುತ್ತದೆ ಎಂದುಕೊಂಡರೂ ಒಂದು ಬಕೆಟ್ಟಿಗೆ ಸುಮಾರು 85 ಗ್ರಾಂ ಗ್ಯಾಸ್ ಬೇಕು. 14.2 ಕೆ.ಜಿ. ಸಿಲಿಂಡರಿನಲ್ಲಿ 165 ಬಕೆಟ್ ಆಸುಪಾಸು. ನಿಮ್ಮ ಸಿಲಿಂಡರಿನ ಬೆಲೆಯನ್ನು 165ರಿಂದ ಭಾಗಿಸಿ, ನಿಮ್ಮ ಯೂನಿಟ್ ದರವನ್ನು 0.65ರಿಂದ ಗುಣಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯೂನಿಟ್‌ಗೆ 9 ರೂಪಾಯಿ ಕೊಡುವ ಸಬ್ ಮೀಟರಿನವರಿಗೆ ಎರಡೂ ಹೆಚ್ಚುಕಡಿಮೆ ಸಮ. ರಿಯಾಯಿತಿ ಸಿಗುವವರಿಗೆ ಕರೆಂಟೇ ಅಗ್ಗ. ಜೊತೆಗೆ ಕುದಿನೀರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ನಡೆಯುವ ಅಪಾಯ ಬೇರೆ.

ಕೋಣೆಗೆ ಎಷ್ಟು, ಮೈಗೆ ಎಷ್ಟು

ಬಿಲ್ಲನ್ನು ಮುರಿಯುವುದು ರೂಮ್ ಹೀಟರ್. 2,000 ವಾಟಿನ ಹೀಟರ್ ದಿನಕ್ಕೆ ಐದು ಗಂಟೆ ಉರಿದರೆ 10 ಯೂನಿಟ್, ತಿಂಗಳಿಗೆ 300. ಕಂಬಿ ಕೆಂಪಗಾಗುವ ಹೀಟರ್, ಗಾಳಿ ಊದುವ ಬ್ಲೋವರ್, ಎಣ್ಣೆ ತುಂಬಿದ ಹೀಟರ್, ಇವುಗಳಲ್ಲಿ ಯಾವುದು ಕರೆಂಟ್ ಉಳಿಸುತ್ತದೆ ಎಂಬ ಚರ್ಚೆ ಪ್ರತಿ ನವೆಂಬರ್‌ನಲ್ಲಿ ನಮ್ಮ ಆಫೀಸಿನಲ್ಲಿ ನಡೆಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರೂ ಕೊಡುವುದು ಒಂದೇ ಯೂನಿಟ್ ಶಾಖ. ವ್ಯತ್ಯಾಸ ಇರುವುದು ಕೊಡುವ ರೀತಿಯಲ್ಲಿ. ಕಂಬಿಯದು ಎದುರಿಗೆ ಕೂತವರನ್ನು ಥಟ್ಟನೆ ಬೆಚ್ಚಗಾಗಿಸುತ್ತದೆ. ಎಣ್ಣೆಯದು ನಿಧಾನವಾಗಿ ಕೋಣೆಯನ್ನು ಬೆಚ್ಚಗಾಗಿಸಿ, ಸಾಕಷ್ಟು ಬಿಸಿಯಾದ ಮೇಲೆ ತಾನೇ ನಿಂತು ಮತ್ತೆ ಹತ್ತಿಕೊಳ್ಳುತ್ತದೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ ಕೊಡುವುದು ಬಿಸಿಗಾಳಿಯನ್ನೂ ಕೊಡುವ ಎ.ಸಿ. ಮಾತ್ರ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ಎಳೆದು ತರುವುದರಿಂದ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಎ.ಸಿ. ಕೊಳ್ಳುವ ಯೋಚನೆಯಿದ್ದವರು ಬೇಸಿಗೆಯಲ್ಲೇ ಇದನ್ನು ಕೇಳಿ ಕೊಳ್ಳುವುದು ಒಳ್ಳೆಯದು. ಬರೀ ತಂಪು ಮಾಡುವ ಎ.ಸಿ. ಇರುವವರಿಗೆ ಈ ಲಾಭ ಇಲ್ಲ.

ನಾವು ಮನೆಯನ್ನು ಮೂರು ಭಾಗ ಮಾಡಿಕೊಂಡೆವು. ಹಾಲ್ ಮತ್ತು ಅಡುಗೆಮನೆಗೆ ಹೀಟರ್ ಇಲ್ಲ. ನಮ್ಮ ಕೋಣೆಗೂ ಇಲ್ಲ, ಮಲಗುವ ಮೊದಲು ಹಾಸಿಗೆ ಬೆಚ್ಚಗಾದರೆ ಸಾಕು. 100 ವಾಟಿನ ಎಲೆಕ್ಟ್ರಿಕ್ ಕಂಬಳಿ ಒಂದು ಗಂಟೆಗೆ ತಿನ್ನುವುದು 0.1 ಯೂನಿಟ್. ಎರಡು ಲೀಟರ್ ಬಿಸಿನೀರು ತುಂಬಿದ ರಬ್ಬರ್ ಚೀಲಕ್ಕೂ ಅಷ್ಟೇ. ಹೀಟರ್ ಒಂದು ಗಂಟೆಗೆ ತಿನ್ನುವುದು ಇದರ ಇಪ್ಪತ್ತು ಪಟ್ಟು. ಹೊದಿಕೆಯಷ್ಟೇ ಹಾಸೂ ಮುಖ್ಯ. ಚಳ್ಳಕೆರೆಯ ಕರಿ ಕಂಬಳಿಯನ್ನು ಮೇಲೆ ಹೊದೆಯುವ ಬದಲು ಹಾಸಿಗೆಯಡಿ ಹಾಸಿದ ಮೇಲೆ ಬೆನ್ನಿಗೆ ಹತ್ತುತ್ತಿದ್ದ ಚಳಿ ನಿಂತಿತು. ಇನ್ನೊಂದು ಕಂಬಳಿ ಮಡಿಸಿಕೊಂಡು ಬಾಲ್ಕನಿ ಬಾಗಿಲಡಿಯ ಸಂದಿಗೆ ಹೋಯಿತು.

ಬಿಸಿಲನ್ನು ಮಾತ್ರ ಬಿಡಬೇಡಿ. ಡಿಸೆಂಬರ್ 21ರ ಸುಮಾರಿಗೆ ದೆಹಲಿಯ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ದಿಗಂತದಿಂದ 38 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಬೆಂಗಳೂರಿನಲ್ಲಿ ಅದು 53 ಡಿಗ್ರಿಯ ಮೇಲೆ. ಅಷ್ಟು ಕೆಳಗಿರುವ ಕಾರಣ ಏಳು ಅಡಿ ಎತ್ತರದ ದಕ್ಷಿಣದ ಬಾಗಿಲಿನಿಂದ ಬಿಸಿಲು ಎಂಟೊಂಬತ್ತು ಅಡಿ ಒಳಗೆ ಬರುತ್ತದೆ. ಹನ್ನೊಂದರಿಂದ ಮೂರರವರೆಗೆ ಪರದೆ ಪೂರ್ತಿ ಸರಿಸಿ, ನಾಲ್ಕಕ್ಕೆ ಮರೆಯದೆ ಎಳೆಯಿರಿ. ದಪ್ಪ ಪರದೆ ಇದ್ದರೆ ಹಿಡಿದ ಬಿಸಿ ರಾತ್ರಿ ಎಂಟರವರೆಗಾದರೂ ನಿಲ್ಲುತ್ತದೆ.

ಮೂರನೆಯ ಭಾಗ ಅಪ್ಪ ಅಮ್ಮನ ಕೋಣೆ. ಅಲ್ಲಿ ಉಳಿತಾಯದ ಮಾತು ಬೇರೆ. ವಯಸ್ಸಾದವರಿಗೆ ಚಳಿ ತಟ್ಟಿದ್ದು ಬೇಗ ಗೊತ್ತಾಗುವುದಿಲ್ಲ. ಗೊತ್ತಾದರೂ ಮಗನ ಬಿಲ್ ನೆನೆದು ಹೇಳುವುದಿಲ್ಲ. ಅಪ್ಪ ಸ್ವೆಟರಿನ ಮೇಲೆ ಶಾಲು ಹೊದ್ದು "ನಂಗೆ ಎಂಥಾ ಚಳಿಯೂ ಇಲ್ಲ, ಅದನ್ನ ಆರಿಸು" ಎನ್ನುತ್ತಿದ್ದರು. ಆಗ ಸಣ್ಣದೊಂದು ಥರ್ಮಾಮೀಟರ್ ತಂದು ಗೋಡೆಗೆ ನೇತುಹಾಕಿದೆ. ಬೆಳಗಿನ ಜಾವ ಅದು ತೋರಿಸಿದ್ದು 13 ಡಿಗ್ರಿ. ಚಳಿಯ ಕಾಲದಲ್ಲಿ ಮನೆಯ ಒಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆ. ಹಿರಿಯರಿಗೆ, ಮಕ್ಕಳಿಗೆ, ದೀರ್ಘಕಾಲದ ಕಾಯಿಲೆ ಇರುವವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಅಲ್ಲಿಂದ ಮುಂದೆ ಹೀಟರ್ ಬೇಕೋ ಬೇಡವೋ ಎಂಬುದನ್ನು ಅಪ್ಪನೂ ನಾನೂ ವಾದ ಮಾಡಿ ತೀರ್ಮಾನಿಸಲಿಲ್ಲ, ಥರ್ಮಾಮೀಟರ್ ತೀರ್ಮಾನಿಸಿತು. ಎಣ್ಣೆಯ ಹೀಟರ್ ರಾತ್ರಿ ಒಂಬತ್ತರಿಂದ ಹತ್ತೂವರೆ, ಬೆಳಿಗ್ಗೆ ಐದೂವರೆಯಿಂದ ಏಳು. ಅದು ಮಧ್ಯೆ ಮಧ್ಯೆ ತಾನೇ ನಿಲ್ಲುವುದರಿಂದ ದಿನಕ್ಕೆ ನಾಲ್ಕು ಯೂನಿಟ್ ಆಗುತ್ತಿತ್ತು. ಕೂಸಿನ ಸ್ನಾನವೂ ಎಣ್ಣೆ ನೀವುವುದೂ ಅದೇ ಕೋಣೆಯಲ್ಲಿ, ಅದೇ ಬಿಸಿಯಲ್ಲಿ ಬೆಳಿಗ್ಗೆ ಮುಗಿಯುತ್ತಿತ್ತು.

ಒಂದು ಎಚ್ಚರಿಕೆ. ಹೀಟರನ್ನು 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಿ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡ್ ತಡೆಯುವುದು 1,400 ವಾಟಿನ ಒಳಗೆ ಮಾತ್ರ.

ಹುದುಗು ಬಾರದ ಹಿಟ್ಟು, ಮುಗಿಯದ ಸಿಲಿಂಡರ್

ಚಳಿಗಾಲದ ದೆಹಲಿಯಲ್ಲಿ ಕನ್ನಡಿಗರು ಇಬ್ಬರು ಸೇರಿದರೆ ದೋಸೆ ಹಿಟ್ಟಿನ ಮಾತು ಬಂದೇ ಬರುತ್ತದೆ. ಹಿಟ್ಟು ರಾತ್ರಿ ಕಳೆದು ಮಧ್ಯಾಹ್ನವಾದರೂ ಕಲ್ಲಿನಂತೆ ಕೂತಿರುತ್ತದೆ. ಓವನ್ನಿನ ದೀಪ ರಾತ್ರಿಯಿಡೀ ಉರಿಸುವವರಿದ್ದಾರೆ, ಹೀಟರ್ ಮುಂದೆ ಪಾತ್ರೆ ಇಡುವವರೂ ಇದ್ದಾರೆ. ಅಮ್ಮ ಬಂದ ಮೇಲೆ ಇದಕ್ಕೆ ಯೂನಿಟ್ ಖರ್ಚಾಗಲಿಲ್ಲ. ಉಗುರುಬೆಚ್ಚಗಿನ ನೀರಲ್ಲೇ ರುಬ್ಬಿ, ರಾತ್ರಿ ಅನ್ನ ಮಾಡಿದ ದೊಡ್ಡ ಕುಕ್ಕರಿನ ತಳದಲ್ಲಿ ಕೈ ತಾಳುವಷ್ಟು ಬಿಸಿನೀರು ಹಾಕಿ, ಅದರೊಳಗೆ ಹಿಟ್ಟಿನ ಪಾತ್ರೆ ಇಟ್ಟು ಮುಚ್ಚಿ ಹಳೆಯ ಕಂಬಳಿ ಸುತ್ತುತ್ತಿದ್ದರು. ಬೆಳಿಗ್ಗೆ ಇಡ್ಲಿ. ಮೊಸರಿಗೂ ಅದೇ ಉಪಾಯ.

ಗ್ಯಾಸಿನ ಉಳಿತಾಯವೂ ಇಂಥ ಸಣ್ಣ ಕೆಲಸಗಳಲ್ಲೇ ಇದೆ. ಕಡಲೆ, ಹೆಸರುಕಾಳು ನೆನೆಸುವಾಗ ಬೆಚ್ಚಗಿನ ನೀರು ಹಾಕಿ, ತಣ್ಣೀರಿನಲ್ಲಿ ಚಳಿಗೆ ಅವು ನೆನೆಯುವುದೇ ಇಲ್ಲ. ಕುಕ್ಕರ್ ಒಮ್ಮೆ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ಒಳಗಿನ ಬಿಸಿ ಆಗಲೇ 120 ಡಿಗ್ರಿ ಸುತ್ತ ಮುಟ್ಟಿರುತ್ತದೆ, ದೊಡ್ಡ ಉರಿಯಿಂದ ಅದು ಏರುವುದಿಲ್ಲ, ಸೀಟಿಯಲ್ಲಿ ಹಬೆ ಹೋಗುತ್ತದೆ ಅಷ್ಟೇ. ಶುಂಠಿ ಚಹಾ ದಿನಕ್ಕೆ ಐದು ಸಲ ಕಾಯಿಸುವ ಬದಲು ಎರಡು ಸಲ ಮಾಡಿ ಫ್ಲಾಸ್ಕಿಗೆ ತುಂಬಿಡಿ. ಉರಿ ನೀಲಿಯ ಬದಲು ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೊಳೆಯಬೇಕು ಎಂದರ್ಥ. ಕೊಳವೆ ಗ್ಯಾಸ್ ಇರುವವರಿಗೂ ಇದೆಲ್ಲ ಅನ್ವಯ.

ಸಿಲಿಂಡರ್ ಇರುವವರಿಗೆ ಇನ್ನೊಂದು ತಾಪತ್ರಯ ಇದೆ. ಕೊನೆಯ ದಿನಗಳಲ್ಲಿ ಉರಿ ಸಣ್ಣಗಾಗಿ ಖಾಲಿ ಎನಿಸುತ್ತದೆ, ಎತ್ತಿದರೆ ಒಳಗೆ ಅಲುಗುತ್ತದೆ. ಒಳಗಿನ ದ್ರವ ಚಳಿಗೆ ಬೇಗ ಆವಿಯಾಗದಿರುವುದೇ ಕಾರಣ. ಅದಕ್ಕಾಗಿ ಸಿಲಿಂಡರ್ ಮಲಗಿಸುವುದು, ಅಲುಗಿಸುವುದು, ಬಿಸಿನೀರಿನ ಟಬ್ಬಿನಲ್ಲಿ ಇಡುವುದು ಇಲ್ಲಿ ಮಾಮೂಲಾಗಿ ಕಾಣುತ್ತದೆ. ಯಾವುದನ್ನೂ ಮಾಡಬೇಡಿ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು. ಬಾಲ್ಕನಿಯ ಕೊರೆಯುವ ಗಾಳಿಯಲ್ಲಿದ್ದರೆ ಗಾಳಿಯಾಡುವ ಅಡುಗೆಮನೆಗೆ ತಂದು ನೆಟ್ಟಗೆ ನಿಲ್ಲಿಸಿ. ರಾತ್ರಿಯ ಅಡುಗೆಗಿಂತ ಮಧ್ಯಾಹ್ನದ ಅಡುಗೆಗೆ ಅದು ಚೆನ್ನಾಗಿ ಉರಿಯುತ್ತದೆ.

ಉಳಿತಾಯ ನಿಲ್ಲಬೇಕಾದ ಜಾಗ

ಜನವರಿಯ ಒಂದು ರಾತ್ರಿ ಕೂಸಿನ ಪಾದ ಮುಟ್ಟಿ ನೋಡಿ ಅಮ್ಮ ಅಂದರು, "ಊರಲ್ಲಾಗಿದ್ರೆ ಬಾಣಂತಿ ಕೋಣೆಗೆ ಒಂದು ಬಾಣಲೆ ಕೆಂಡ ಇಡ್ತಿದ್ವಿ. ಈ ಕರೆಂಟಿನ ಗೊಡವೆಯೇ ಇರ್ತಿರಲಿಲ್ಲ ಮಗಾ."

ಅಮ್ಮ ನೆನೆಸಿಕೊಂಡದ್ದು ಹಂಚಿನ ಮನೆಯನ್ನು. ಅಲ್ಲಿ ಹಂಚಿನ ಸಂದಿಯಲ್ಲಿ ಹೊಗೆಯೂ ಕೆಟ್ಟ ಗಾಳಿಯೂ ಹೊರಗೆ ಹೋಗುತ್ತವೆ. ಇಲ್ಲಿ ಮೇಲೆ ಕಾಂಕ್ರೀಟು, ಸಂದಿಗೆಲ್ಲ ನಾವೇ ಬಟ್ಟೆ ತುರುಕಿದ್ದೇವೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಅಂಗೀಠಿ ಎಂದು ಇಲ್ಲಿ ಕರೆಯುವ ಕೆಂಡದ ಒಲೆಯನ್ನು ಒಳಗಿಟ್ಟು ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ದೆಹಲಿಯ ಪತ್ರಿಕೆಗಳಲ್ಲಿ ಚಳಿಗಾಲ ಬಂದಾಗಲೆಲ್ಲ ಬರುತ್ತದೆ. ಹೆಚ್ಚಿನವರು ಹೀಟರ್ ಕೊಳ್ಳಲಾಗದ ಕಾವಲುಗಾರರು, ಕೂಲಿಯವರು, ಅವರ ಮಕ್ಕಳು. ಇದನ್ನು ಬಿಡಿಸಿ ಹೇಳಿದ ಮೇಲೆ ಅಮ್ಮ ಮತ್ತೆ ಕೆಂಡದ ಮಾತೆತ್ತಲಿಲ್ಲ. ಮರುದಿನ ಹಳೆಯ ಹತ್ತಿ ಸೀರೆ ಹರಿದು ಮಡಿಸಿ ಕೂಸಿಗೆ ಇನ್ನೊಂದು ಪದರ ಸುತ್ತಿದರು.

ಗ್ಯಾಸ್ ಗೀಸರಿಗೂ ಇದೇ ಮಾತು. ಬೇಗ ಕಾಯುತ್ತದೆ, ಕರೆಂಟು ಬೇಡ ಎಂದು ಅದನ್ನು ಕಿಟಕಿಯಿಲ್ಲದ ಬಚ್ಚಲಿನ ಒಳಗೇ ಕೂರಿಸಿರುವ ಬಾಡಿಗೆ ಮನೆಗಳಿವೆ. ಅದು ಇರಬೇಕಾದದ್ದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ. ಮನೆ ನೋಡಲು ಹೋದಾಗ ಒಳಗಿದ್ದರೆ ಹೊರಗೆ ಹಾಕಿಸಿಕೊಡಿ ಎಂದು ಕೇಳಿ, ಒಪ್ಪದಿದ್ದರೆ ಬೇರೆ ಮನೆ ನೋಡಿ. ಕರೆಂಟಿನ ಹೀಟರ್ ಹೊಗೆ ಬಿಡುವುದಿಲ್ಲ ನಿಜ. ಆದರೂ ಮಲಗುವ ಮುಂಚೆ ಅದನ್ನು ಆರಿಸಿ, ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡುವುದು ನಮ್ಮ ಮನೆಯ ನಿಯಮ. ಬಿಸಿನೀರಿನ ಚೀಲಕ್ಕೆ ಕುದಿನೀರು ಹಾಕುವುದಿಲ್ಲ. ಕೂಸಿನ ಹಾಸಿಗೆಗೆ ಚೀಲವೂ ಇಲ್ಲ, ಎಲೆಕ್ಟ್ರಿಕ್ ಕಂಬಳಿಯೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ ಹಿರಿಯರಿಗೂ ಅವು ಬೇಡ, ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪನೇ ಮೆಟ್ಟಿಲಿಳಿದು ಹೋಗಿ ಮೀಟರ್ ಓದಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಜನವರಿ ಮುಗಿದಾಗ 352 ಯೂನಿಟ್ ಆಗಿತ್ತು. ಅದರಲ್ಲಿ 120ರಷ್ಟು ಅವರ ಕೋಣೆಯ ಹೀಟರಿನದೇ. ಅದು ದಂಡ ಅಂತ ಅವರು ಗೊಣಗಿದರು. ಶವರ್ ನಿಲ್ಲಿಸಿ, ಹಾಲಿನ ಹೀಟರ್ ಬಿಟ್ಟು, ಗೀಸರ್ ಹೊತ್ತಿಗೆ ಸರಿಯಾಗಿ ಆರಿಸಿ ಉಳಿಸಿದ್ದೆಲ್ಲ ಆ 120 ಯೂನಿಟ್ ನಿಶ್ಚಿಂತೆಯಿಂದ ಖರ್ಚು ಮಾಡುವುದಕ್ಕಾಗಿಯೇ ಎಂದು ನಾನು ಹೇಳಿದೆ.

ಈ ಸಲ ನಿಮ್ಮ ಮನೆಗೂ ಊರಿಂದ ಹಿರಿಯರು ಬರುವವರಿದ್ದರೆ ನವೆಂಬರ್‌ನಲ್ಲೇ ಮೂರು ಕೆಲಸ ಮುಗಿಸಿಡಿ. ಗೀಸರ್ ಬಿಚ್ಚಿಸಿ ತೊಳೆಸಿ. ಅವರು ಮಲಗುವ ಕೋಣೆಯಲ್ಲಿ 16 ಆಂಪಿಯರಿನ ಸಾಕೆಟ್ ಇದೆಯೇ ನೋಡಿ. ಗೋಡೆಗೆ ಒಂದು ಥರ್ಮಾಮೀಟರ್ ಹಾಕಿ. ಬರುವಾಗ ಎರಡು ಕರಿ ಕಂಬಳಿ ತರಲು ಅವರಿಗೂ ಹೇಳಿಡಿ.